ಯಾರಾ ನದಿ ದಂಡೆಯ ಕಾನ್ವೆಂಟು ಅಪಾರ್ಟ್‌ಮೆಂಟ್ ಆಗ್ದೆ ಉಳ್ಕೊಂಡಿದ್ದು ಹೇಗೆ

ಮೆಲ್ಬರ್ನ್ ಸಿಟಿ ಸೆಂಟರ್‌ನಿಂದ ಬರೀ 4 ಕಿಲೋಮೀಟರ್ ದೂರದಲ್ಲಿ, ಯಾರಾ ನದಿ ಸುತ್ತಿ ಬಳಸಿ ಹೋಗೋ ಕಡೆ 16 ಎಕರೆ ಜಮೀನಿದೆ, ಅದರ ಮೇಲೆ 11 ಹಳೇ ಕಟ್ಟಡ, ಮುಂದೆ ತೋಟ, ಹಿಂದೆ ಹೊಳೆ. ರಿಯಲ್ ಎಸ್ಟೇಟ್ ಸ್ವಲ್ಪ ಗೊತ್ತಿರೋ ಯಾರನ್ನ ಬೇಕಾದ್ರೂ ಕೇಳಿ, ಇಂಥ ಜಾಗ ಬಿಲ್ಡರ್ ಕೈಗೆ ಹೋಗ್ದೆ ಉಳಿಯೋ ಮಾತೇ ಇಲ್ಲ ಅಂತಾರೆ. ಆದ್ರೆ ಉಳಿದಿದೆ, ಮತ್ತೆ ಸುಮ್ನೆ ಬೀಗ ಹಾಕಿದ ಮ್ಯೂಸಿಯಂ ಆಗಿ ಉಳಿದಿಲ್ಲ, ನೂರಕ್ಕೂ ಹೆಚ್ಚು ಕಲಾವಿದರು, ಬರಹಗಾರರು, ಸಣ್ಣ ಸಣ್ಣ ಸಂಸ್ಥೆಗಳು ಅಲ್ಲಿ ದಿನಾ ಕೆಲಸ ಮಾಡ್ತಾರೆ. ಒಂದು ರೇಡಿಯೋ ಸ್ಟೇಷನ್ ಇದೆ, ಒಂದು ಸ್ಕೂಲ್ ಇದೆ, ಸಂಗೀತ ಕಚೇರಿ ನಡೆಯೋ ಚಾಪೆಲ್ (ಪ್ರಾರ್ಥನೆಯ ಹಾಲ್) ಇದೆ, ತಿಂಡಿ ಕಾಫಿ ಸಿಗುತ್ತೆ, ಅಂಗಳಕ್ಕೆ ಹೋಗಿ ಹುಲ್ಲಿನ ಮೇಲೆ ಕೂತ್ಕೊಳ್ಳೋಕೆ ಯಾರೂ ಟಿಕೆಟ್ ಕೇಳಲ್ಲ. ಇದರ ಹೆಸರು ಅಬಟ್ಸ್‌ಫರ್ಡ್ ಕಾನ್ವೆಂಟ್, ಒಂದು ಕಾಲಕ್ಕೆ ಕ್ರೈಸ್ತ ಸನ್ಯಾಸಿನಿಯರ ಮಠ.

ಇಂಥ ಜಾಗ ನೋಡಿದಾಗ ನಮ್ಮ ಜನ ಮೊದಲು ಕೇಳೋದು ಒಂದೇ, ಇದು ಸರ್ಕಾರದ್ದಾ ಪ್ರೈವೇಟಾ? ಎರಡೂ ಅಲ್ಲ. ಆಮೇಲಿನ ಪ್ರಶ್ನೆ, ಹಾಗಾದ್ರೆ ದುಡ್ಡು ಯಾರು ಕೊಡ್ತಾರೆ, ನೂರು ವರ್ಷ ಹಳೇ ಮಾಡು ಸೋರಿದ್ರೆ ಯಾರು ರಿಪೇರಿ ಮಾಡಿಸ್ತಾರೆ, ಸಿಟಿ ಪಕ್ಕದಲ್ಲೇ ಇರೋ ಜಾಗದ ಬಾಡಿಗೆ ಪೇಂಟರ್ ಒಬ್ಬನಿಗೆ ಕೈಗೆಟುಕೋದು ಹೇಗೆ? ಇದನ್ನೇ ಸ್ವಲ್ಪ ಬಿಡಿಸಿ ಹೇಳೋಣ ಅಂತ ಬರೀತಿದೀನಿ. ಯಾಕಂದ್ರೆ ಹಳೇ ಕಟ್ಟಡವನ್ನ ಕಲೆಯ ಜಾಗ ಮಾಡೋದು ಅಂದ ತಕ್ಷಣ ಎಲ್ಲರೂ ಚಂದದ ಫೋಟೋ ತೋರಿಸ್ತಾರೆ, ಒಳಗಿನ ಲೆಕ್ಕಾಚಾರ ಯಾರೂ ಹೇಳಲ್ಲ, ಮತ್ತೆ ನನ್ನ ಪ್ರಕಾರ ಆ ಜಾಗ ಐವತ್ತು ವರ್ಷ ಉಳಿಯುತ್ತೋ ಐದೇ ವರ್ಷಕ್ಕೆ ಮುಗಿಯುತ್ತೋ ಅನ್ನೋದು ನಿರ್ಧಾರ ಆಗೋದೇ ಆ ಲೆಕ್ಕದಲ್ಲಿ, ಅದರಲ್ಲೂ ಜಮೀನಿನ ಪತ್ರ ಯಾರ ಹೆಸರಲ್ಲಿದೆ ಅನ್ನೋದ್ರಲ್ಲಿ.

ಮೊದಲು ಸ್ವಲ್ಪ ಹಿಂದಿನ ಕಥೆ. ಈ ನೆಲ ವುರುಂಡ್ಜೆರಿ ಅನ್ನೋ ಮೂಲನಿವಾಸಿ ಜನರದ್ದು, ನದಿಗೆ ಅವರ ಭಾಷೇಲಿ ಬಿರ್‌ರಾರಂಗ್ ಅಂತ ಹೆಸರು, ಮೆರಿ ಕ್ರೀಕ್ ಅನ್ನೋ ಹಳ್ಳ ಬಂದು ಯಾರಾ ಸೇರೋ ಜಾಗ ಇಲ್ಲೇ ಹತ್ತಿರ, ಬ್ರಿಟಿಷರು ಬರೋಕೆ ಮುಂಚೆ ಜನ ಸೇರ್ತಿದ್ದ ಮುಖ್ಯ ಜಾಗ ಅದು. 1830ರ ದಶಕದ ಕೊನೆಯಲ್ಲಿ ಜಮೀನು ಬಿಳಿಯರ ಹೆಸರಿಗೆ ಹೋಯ್ತು, ದೊಡ್ಡ ಮನೆಗಳು ಬಂದ್ವು. 1863ರಲ್ಲಿ ಮೆಲ್ಬರ್ನಿನ ಬಿಷಪ್ ಗೂಲ್ಡ್ ಕರೆಸಿಕೊಂಡ ನಾಲ್ಕು ಜನ ಸನ್ಯಾಸಿನಿಯರು ಇಲ್ಲಿ ಬಂದು ನೆಲೆಸಿದ್ರು. ಗುಡ್ ಶೆಪರ್ಡ್ ಅನ್ನೋ ಸಂಘದವರು, ಮೂಲ ಫ್ರಾನ್ಸಿನ ಆಂಜೆ ಊರು. ಬೆಂಗಳೂರಿನವರಿಗೆ ಈ ಹೆಸರು ಹೊಸದಲ್ಲ, ಮ್ಯೂಸಿಯಂ ರೋಡಿನ ಗುಡ್ ಶೆಪರ್ಡ್ ಕಾನ್ವೆಂಟ್ ಇದೇ ಸಂಘದ್ದು, ಸೇಂಟ್ ಮಾರ್ಥಾಸ್ ಆಸ್ಪತ್ರೆನ 1886ರಲ್ಲಿ ಶುರು ಮಾಡಿದ್ದೂ ಇವರೇ.

ಅಬಟ್ಸ್‌ಫರ್ಡ್‌ನಲ್ಲಿ ಅವರು ಕಟ್ಟಿದ್ದು ಬರೀ ಒಂದು ಮಠ ಅಲ್ಲ, ಸಣ್ಣ ಊರನ್ನೇ. ಅನಾಥ ಮಕ್ಕಳ ಮನೆ, ಸ್ಕೂಲು, ತರಕಾರಿ ತೋಟ, ಹಸು, ಕೋಳಿ, ಬೇಕರಿ, ಮತ್ತೆ ಇದೆಲ್ಲಕ್ಕೂ ದುಡ್ಡು ತರೋ ದೊಡ್ಡ ಲಾಂಡ್ರಿ. 1900ರ ಹೊತ್ತಿಗೆ ಇಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರು ಮಕ್ಕಳು ಇದ್ರು.

ಆ ಲಾಂಡ್ರಿ ವಿಷಯ ಒಂದು ವಾಕ್ಯದಲ್ಲಿ ಮುಗಿಸಿ ಮುಂದೆ ಹೋಗೋದು ನನಗೆ ಸರಿ ಕಾಣಲ್ಲ. ಸಮಾಜ ದಾರಿ ತಪ್ಪಿದವಳು ಅಂತ ಹಣೆಪಟ್ಟಿ ಹಚ್ಚಿದ ಹುಡುಗೀರು, ಮದುವೆಗೆ ಮುಂಚೆ ಬಸಿರಾದೋರು, ಮನೇಲಿ ಸಾಕೋಕೆ ಆಗ್ದೆ ಬಿಟ್ಟುಹೋದ ಮಕ್ಕಳು, ಕೋರ್ಟಿಂದ ಕಳಿಸಿದೋರು, ಇಂಥವರನ್ನೆಲ್ಲ ಇಲ್ಲಿಗೆ ತಂದು ಬಿಡ್ತಿದ್ರು. ಹೊರಗಿಂದ ಮೂಟೆಗಟ್ಟಲೆ ಬರ್ತಿದ್ದ ಬಟ್ಟೆನ ಕುದಿಸಿ, ಹಿಂಡಿ, ಗಂಜಿ ಹಾಕಿ, ಇಸ್ತ್ರಿ ಮಾಡೋ ಕೆಲಸ, ಇಡೀ ದಿನ ಹಬೆ ಒಳಗೆ ನಿಂತು, ಸಂಬಳ ಇಲ್ದೆ. ಲಾಂಡ್ರಿ ದುಡ್ಡಲ್ಲೇ ಉಳಿದೋರ ಹೊಟ್ಟೆ ತುಂಬ್ತಿತ್ತು ಅನ್ನೋದೂ ನಿಜ, ಬಟ್ಟೆ ಒಗೆದೋರ ಜೀವನ ಹೋಯ್ತು ಅನ್ನೋದೂ ನಿಜ. ಆಸ್ಟ್ರೇಲಿಯಾದಲ್ಲಿ 20ನೇ ಶತಮಾನದಲ್ಲಿ ಸುಮಾರು 5 ಲಕ್ಷ ಮಕ್ಕಳು ಹೀಗೆ ಸಂಸ್ಥೆಗಳಲ್ಲಿ, ಬೇರೆಯವರ ಮನೆಗಳಲ್ಲಿ ಬೆಳೆದ್ರು ಅಂತ 2004ರ ಸೆನೆಟ್ ವರದಿ ಹೇಳಿತು, 2009ರ ನವೆಂಬರ್‌ನಲ್ಲಿ ಪ್ರಧಾನಿ ಕೆವಿನ್ ರಡ್ ದೇಶದ ಪರವಾಗಿ ಅವರ ಕ್ಷಮೆ ಕೇಳಿದ್ರು. ಈ ಜಾಗಕ್ಕೆ ಇವತ್ತೂ ವಾಪಸ್ ಬರೋ ವಯಸ್ಸಾದ ಹೆಂಗಸರಲ್ಲಿ ಕೆಲವರಿಗೆ ಇದು ಬಾಲ್ಯ ಕಳೆದ ಮನೆ, ಕೆಲವರಿಗೆ ಜೈಲು. ಕಲೆಯ ಜಾಗ ನಡೆಸೋರು ಈ ಎರಡನ್ನೂ ಹೊತ್ಕೊಂಡೇ ನಡೆಸಬೇಕು, ಈ ಮಾತಿಗೆ ಆಮೇಲೆ ಬರ್ತೀನಿ.

1970ರ ದಶಕದ ಹೊತ್ತಿಗೆ ಇಂಥ ದೊಡ್ಡ ಸಂಸ್ಥೆಗಳ ಕಾಲ ಮುಗೀತು. ಸಿಸ್ಟರ್‌ಗಳು ಜಾಗ ಖಾಲಿ ಮಾಡಿದ್ರು, 1975ರಲ್ಲಿ ವಿಕ್ಟೋರಿಯಾ ರಾಜ್ಯ ಸರ್ಕಾರ ಕೊಂಡ್ಕೊಳ್ತು, ಆಮೇಲೆ ಕಾಲೇಜು, ಯೂನಿವರ್ಸಿಟಿ ಅಂತ ಒಂದಿಷ್ಟು ವರ್ಷ ಕ್ಲಾಸು ನಡೀತು. ಪಕ್ಕದ ಹೊಲಗದ್ದೆ ಜಾಗದಲ್ಲಿ 1979ರಲ್ಲಿ ಕಾಲಿಂಗ್‌ವುಡ್ ಚಿಲ್ಡ್ರನ್ಸ್ ಫಾರ್ಮ್ ಶುರುವಾಯ್ತು, ಅದು ಇವತ್ತಿಗೂ ಇದೆ, ಮೆಲ್ಬರ್ನಿನಲ್ಲಿರೋ ನಮ್ಮ ಕನ್ನಡದವರು ಮಕ್ಕಳಿಗೆ ಹಸು ಕುರಿ ತೋರ್ಸೋಕೆ ಕರ್ಕೊಂಡು ಹೋಗೋ ಅದೇ ಫಾರ್ಮು. ಯೂನಿವರ್ಸಿಟಿಗೆ ಬೇಡ ಆದ ಮೇಲೆ ಕಟ್ಟಡಗಳು ಖಾಲಿ ಬಿದ್ದವು. ಆಗ, 1997ರಲ್ಲಿ, ಇಲ್ಲಿ 289 ಅಪಾರ್ಟ್‌ಮೆಂಟ್ ಕಟ್ಟೋ ಪ್ಲಾನ್ ಬಂತು.

ಇಲ್ಲಿ ಒಂದು ವಿಷಯ ಸರಿಯಾಗಿ ಅರ್ಥ ಮಾಡ್ಕೋಬೇಕು, ತುಂಬಾ ಜನ ಎಡವೋದೇ ಇಲ್ಲಿ. ಕಟ್ಟಡಕ್ಕೆ ಪಾರಂಪರಿಕ ಅಂತ ಸರ್ಕಾರಿ ಮುದ್ರೆ ಬಿದ್ದುಬಿಟ್ರೆ ಉಳ್ಕೊಂಡ ಹಾಗೆ ಅಂತ ಅನ್ಕೋತೀವಿ. ಆ ಮುದ್ರೆಯಿಂದ ಆಗೋದು ಇಷ್ಟೇ, ಒಡೆಯೋಕೆ, ಬದಲಾಯಿಸೋಕೆ ಪರ್ಮಿಷನ್ ಬೇಕಾಗುತ್ತೆ. ಒಳಗೆ ಯಾರಿರಬೇಕು, ಏನು ನಡೀಬೇಕು, ಸಾಮಾನ್ಯ ಜನ ಗೇಟ್ ದಾಟಿ ಬರಬಹುದಾ ಅನ್ನೋದನ್ನ ಅದು ಅಷ್ಟಾಗಿ ಕಾಯಲ್ಲ. ಅದೇ ಮೆಲ್ಬರ್ನಿನ ಉತ್ತರಕ್ಕೆ ಕೋಬರ್ಗ್‌ನಲ್ಲಿ ಪೆಂಟ್ರಿಡ್ಜ್ ಅಂತ ದೊಡ್ಡ ಕಲ್ಲಿನ ಜೈಲಿತ್ತು, 1997ರಲ್ಲೇ ಅದೂ ಮುಚ್ಚಿತು, ಮಾರಾಟ ಆಯ್ತು, ಇವತ್ತು ಅಲ್ಲಿ ಅಪಾರ್ಟ್‌ಮೆಂಟು, ಹೋಟೆಲು, ಸಿನಿಮಾ ಥಿಯೇಟರ್ ಇದೆ. ಕಲ್ಲಿನ ಗೋಡೆ ಉಳಿದಿದೆ, ಮುದ್ರೆ ತನ್ನ ಕೆಲಸ ಮಾಡಿದೆ. ಅದು ತಪ್ಪು ಅಂತ ಹೇಳೋಕೆ ಹೊರಟಿಲ್ಲ ನಾನು, ಊರಿಗೆ ಮನೆಗಳೂ ಬೇಕು. ಆದ್ರೆ ಒಂದೇ ಊರಲ್ಲಿ, ಒಂದೇ ಕಾಲದಲ್ಲಿ ಎರಡು ಹಳೇ ಜಾಗ ಎರಡು ದಾರಿ ಹಿಡಿದಿದ್ದು ಕಣ್ಣ ಮುಂದೆನೇ ಇದೆ.

ಅಬಟ್ಸ್‌ಫರ್ಡ್‌ನ ಸುತ್ತಮುತ್ತಲಿನ ಜನ ಸೇರಿ ಅಬಟ್ಸ್‌ಫರ್ಡ್ ಕಾನ್ವೆಂಟ್ ಕೊಅಲಿಷನ್ ಅನ್ನೋ ಒಕ್ಕೂಟ ಮಾಡ್ಕೊಂಡ್ರು. ಏಳು ವರ್ಷ ಹಿಡೀತು. ಏಳು ವರ್ಷ ಅಂದ್ರೆ ಎಷ್ಟು ಮೀಟಿಂಗು, ಎಷ್ಟು ಅರ್ಜಿ, ನಡುವೆ ಎಷ್ಟು ಜನ ಸುಸ್ತಾಗಿ ಬಿಟ್ಟುಹೋಗಿರ್ತಾರೆ, ಯಾವುದಾದ್ರೂ ಲೇಔಟ್ ಅಸೋಸಿಯೇಷನ್ ನಡೆಸಿದೋರಿಗೆ ಗೊತ್ತಿರುತ್ತೆ. ಇವರ ಹೋರಾಟದಲ್ಲಿ ನನಗೆ ತುಂಬಾ ಇಷ್ಟ ಆಗೋ ಅಂಶ ಏನಂದ್ರೆ, ಅಪಾರ್ಟ್‌ಮೆಂಟ್ ಬೇಡ ಅನ್ನೋದರ ಜೊತೆಗೇ, ಸರಿ ಹಾಗಾದ್ರೆ ಏನು ಬೇಕು ಅನ್ನೋದಕ್ಕೂ ಉತ್ತರ ರೆಡಿ ಇಟ್ಕೊಂಡಿದ್ರು: ಕಲೆ, ಸಂಸ್ಕೃತಿ, ಕಲಿಕೆ ಮೂರೂ ನಡೆಯೋ ಜಾಗ, ಎಲ್ಲರಿಗೂ ತೆರೆದಿರೋದು. ಸರ್ಕಾರಕ್ಕೆ ಬೇಡ ಅನ್ನೋ ಜನ ದಿನಾ ಸಿಗ್ತಾರೆ, ನಾವು ನಡೆಸ್ತೀವಿ ಕೊಡಿ ಅಂತ ಮುಂದೆ ಬರೋರು ಅಪರೂಪ. 2004ರಲ್ಲಿ ರಾಜ್ಯ ಸರ್ಕಾರ ಜಾಗವನ್ನೂ ಕಟ್ಟಡಗಳನ್ನೂ ಜನರಿಗಾಗಿ ಅಂತ ಅಬಟ್ಸ್‌ಫರ್ಡ್ ಕಾನ್ವೆಂಟ್ ಫೌಂಡೇಶನ್ ಅನ್ನೋ ಲಾಭಕ್ಕಲ್ಲದ ಸಂಸ್ಥೆ ಹೆಸರಿಗೆ ಒಪ್ಪಿಸ್ತು.

ಲಾಭಕ್ಕಲ್ಲದ್ದು ಅಂದ್ರೆ ದುಡ್ಡು ಮಾಡಲ್ಲ ಅಂತಲ್ಲ, ಇದನ್ನೂ ಜನ ತಪ್ಪು ತಿಳ್ಕೋತಾರೆ. ದುಡ್ಡು ಮಾಡಲೇಬೇಕು, ಇಲ್ಲಾಂದ್ರೆ ಮಾಡು ಕುಸಿಯುತ್ತೆ. ಉಳಿದ ದುಡ್ಡನ್ನ ಯಾರೂ ಹಂಚ್ಕೊಂಡು ಮನೆಗೆ ತಗೊಂಡು ಹೋಗೋ ಹಾಗಿಲ್ಲ, ಅದೇ ಕಟ್ಟಡಕ್ಕೆ, ಅದೇ ಕೆಲಸಕ್ಕೆ ವಾಪಸ್ ಹಾಕಬೇಕು, ಅಷ್ಟೇ ವ್ಯತ್ಯಾಸ. ಆ ಅಷ್ಟೇ ಅನ್ನೋದು ಎಷ್ಟು ದೊಡ್ಡದು ಅಂತ ಒಂದು ಲೆಕ್ಕದಲ್ಲಿ ನೋಡೋಣ, ಇವು ಅವರ ನಿಜವಾದ ಅಂಕಿ ಅಲ್ಲ, ಅರ್ಥ ಆಗ್ಲಿ ಅಂತ ನಾನೇ ಹಾಕ್ತಿರೋದು.

ಒಂದು ಕಟ್ಟಡದಲ್ಲಿ 10 ರೂಮಿದೆ ಅನ್ಕೊಳ್ಳಿ, ಆ ಏರಿಯಾದಲ್ಲಿ ಒಂದು ರೂಮಿಗೆ ತಿಂಗಳಿಗೆ 1000 ಡಾಲರ್ ಬಾಡಿಗೆ ಸಿಗುತ್ತೆ. ಹಾಲ್ ಒಂದನ್ನ ಫಂಕ್ಷನ್‌ಗೆ ಕೊಟ್ಟು, ಪಾರ್ಕಿಂಗ್ ಸೇರಿ 500 ಬರುತ್ತೆ. ಒಟ್ಟು 10,500. ರಿಪೇರಿ, ಇನ್ಶೂರೆನ್ಸು, ಸಿಬ್ಬಂದಿ ಸಂಬಳ ಎಲ್ಲ ಸೇರಿ ಖರ್ಚು 7000. ಸ್ವಂತ ಮಾಲೀಕ ಆಗಿದ್ರೆ ಉಳಿದ 3500 ಅವನ ಜೇಬಿಗೆ, ಅದರಲ್ಲಿ ತಪ್ಪೇನಿಲ್ಲ, ಅವನ ಆಸ್ತಿ. ಫೌಂಡೇಶನ್ ಏನು ಮಾಡಬಹುದು ನೋಡಿ: ಮೂರು ರೂಮನ್ನ ಕೆಫೆಗೋ ಸ್ಕೂಲಿಗೋ ಆಫೀಸಿಗೋ ಪೂರ್ತಿ 1000ಕ್ಕೆ ಕೊಡುತ್ತೆ, ಉಳಿದ ಏಳನ್ನ ಕಲಾವಿದರಿಗೆ 500ಕ್ಕೆ ಕೊಡುತ್ತೆ. ಮೂರು ಸಾವಿರ, ಮೂರೂವರೆ ಸಾವಿರ, ಹಾಲ್ ಪಾರ್ಕಿಂಗಿನ 500, ಒಟ್ಟು ಸರಿಯಾಗಿ 7000. ಖರ್ಚು ಸರಿ ಹೋಯ್ತು. ಮಾಲೀಕನ ಜೇಬಿಗೆ ಹೋಗ್ತಿದ್ದ ಆ 3500 ಏಳು ಜನ ಕಲಾವಿದರ ಬಾಡಿಗೆ ರಿಯಾಯಿತಿ ಆಗಿ ಕೂತಿದೆ. ಯಾರೂ ದಾನ ಮಾಡಿಲ್ಲ, ಯಾವ ಸಬ್ಸಿಡಿನೂ ಬಂದಿಲ್ಲ.

ಇದೇ ಕಾರಣಕ್ಕೆ ಜಮೀನು ಯಾರ ಹೆಸರಲ್ಲಿದೆ ಅನ್ನೋದು ಅಷ್ಟು ಮುಖ್ಯ ಅಂತ ನಾನು ಹೇಳ್ತಿರೋದು. ಪ್ರಪಂಚದ ಎಲ್ಲ ದೊಡ್ಡ ಊರಲ್ಲೂ ನಡೆಯೋ ಕಥೆ ಒಂದಿದೆ, ಯಾರಿಗೂ ಬೇಡದ ಹಳೇ ಗೋಡೌನ್ ಏರಿಯಾಗೆ ಬಾಡಿಗೆ ಕಮ್ಮಿ ಅಂತ ಕಲಾವಿದರು ಬರ್ತಾರೆ, ಅವರಿಂದ ಜಾಗಕ್ಕೆ ಕಳೆ ಬರುತ್ತೆ, ಕೆಫೆ ಬರುತ್ತೆ, ವೀಕೆಂಡ್ ಜನ ಬರ್ತಾರೆ, ಆಮೇಲೆ ಬಾಡಿಗೆ ಏರುತ್ತೆ, ಕಳೆ ತಂದೋರೇ ಮೊದಲು ಖಾಲಿ ಮಾಡ್ಬೇಕಾಗುತ್ತೆ. ಕಾನ್ವೆಂಟ್ ಸುತ್ತಲಿನ ಅಬಟ್ಸ್‌ಫರ್ಡ್, ಕಾಲಿಂಗ್‌ವುಡ್, ಫಿಟ್ಜ್‌ರಾಯ್ ಎಲ್ಲ ಒಂದು ಕಾಲಕ್ಕೆ ಕಾರ್ಮಿಕರ ಏರಿಯಾಗಳು, ಈಗ ಅಲ್ಲಿ ಮನೆ ರೇಟ್ ಕೇಳೋ ಹಾಗಿಲ್ಲ. ಕಾನ್ವೆಂಟಿನ ಗೇಟಿನ ಒಳಗೆ ಆ ಏರಿಕೆ ಹಾಗೇ ನೇರವಾಗಿ ನುಗ್ಗೋಕೆ ಆಗಲ್ಲ, ಯಾಕಂದ್ರೆ ಜಮೀನಿನ ಬೆಲೆ ಏರಿದ್ರಿಂದ ಲಾಭ ಪಡೆಯೋ ಮಾಲೀಕ ಒಳಗಿಲ್ಲ.

ಹಾಗಂತ ಒಳಗಿರೋರಿಗೆ ಸುಖ ಅಂತಲ್ಲ. ದಿನನಿತ್ಯದ ಖರ್ಚಿಗೆ ಅಂತ ವರ್ಷಾ ವರ್ಷ ಸರ್ಕಾರದಿಂದ ಬರೋ ಗ್ಯಾರಂಟಿ ದುಡ್ಡು ಈ ಮಾದರಿಯಲ್ಲಿ ಇಲ್ಲ, ಬಾಡಿಗೆ, ಹಾಲ್, ಕಾರ್ಯಕ್ರಮ, ಪಾರ್ಕಿಂಗು, ದಾನಿಗಳು, ದೊಡ್ಡ ರಿಪೇರಿಗೆ ಅಂತ ಆಗಾಗ ಸಿಗೋ ಗ್ರ್ಯಾಂಟು, ಇದರಲ್ಲೇ ತೂಗಿಸ್ಬೇಕು. ಕೋವಿಡ್ ಬಂದಾಗ ಮೆಲ್ಬರ್ನ್ ಎಷ್ಟೊಂದು ದಿನ ಲಾಕ್‌ಡೌನ್‌ನಲ್ಲಿತ್ತು ಅಂತ ನೆನಪಿರಬಹುದು, ಜನ ಸೇರಿದ್ರೇ ದುಡ್ಡು ಅನ್ನೋ ಇಂಥ ಎಲ್ಲ ಸಂಸ್ಥೆಗಳಿಗೂ ಅದು ಕತ್ತಿಗೆ ಬಂದ ಕಾಲ. ಇನ್ನೊಂದು ಎಳೆದಾಟ ಯಾವಾಗಲೂ ಇರುತ್ತೆ, ದುಡ್ಡು ಚೆನ್ನಾಗಿ ಕೊಡೋ ಮದುವೆ, ಕಂಪನಿ ಪಾರ್ಟಿಗಳಿಗೆ ಶನಿವಾರ ಹಾಲ್ ಕೊಟ್ರೆ ಆ ಶನಿವಾರ ನಾಟಕದ ತಂಡಕ್ಕೆ ಸಿಗಲ್ಲ. ಕೊಡದೇ ಇದ್ರೆ ಮಾಡಿನ ರಿಪೇರಿ ಮುಂದಕ್ಕೆ ಹೋಗುತ್ತೆ. ಇದಕ್ಕೆ ಒಂದೇ ಸಲ ಪರಿಹಾರ ಅಂತ ಇಲ್ಲ, ಪ್ರತಿ ವರ್ಷ ಕೂತು ಅಳೆದು ತೂಗಬೇಕು.

ಈಗ ಕಟ್ಟಡದ ವಿಷಯಕ್ಕೆ ಬರೋಣ. ಮಠವೊಂದು ಕಲೆಯ ಜಾಗ ಆಗೋಕೆ ಯಾಕೆ ಇಷ್ಟು ಚೆನ್ನಾಗಿ ಹೊಂದುತ್ತೆ ಅಂದ್ರೆ ಅದರಲ್ಲಿ ಎಲ್ಲ ಅಳತೆಯ ಕೋಣೆಗಳೂ ಇವೆ. ಸಿಸ್ಟರ್‌ಗಳು ಒಬ್ಬೊಬ್ಬರೇ ಮಲಗ್ತಿದ್ದ ಪುಟ್ಟ ಕೋಣೆಗಳು, ಒಂದು ಕಿಟಕಿ, ಒಂದು ಬಾಗಿಲು, ಮೇಜು ಕುರ್ಚಿ ಹಾಕಿದ್ರೆ ಮುಗೀತು, ಬರಹಗಾರರಿಗೆ ಇದಕ್ಕಿಂತ ಇನ್ನೇನು ಬೇಕು. ಸಾಲು ಮಂಚ ಹಾಕ್ತಿದ್ದ ಉದ್ದನೆ ಡಾರ್ಮಿಟರಿಗಳು ದೊಡ್ಡ ಕ್ಯಾನ್ವಾಸ್ ಹರಡೋರಿಗೆ, ಡ್ಯಾನ್ಸ್ ಪ್ರಾಕ್ಟೀಸ್ ಮಾಡೋರಿಗೆ. ಎತ್ತರದ ಮಾಡಿನ ಚಾಪೆಲ್ ಇದ್ದದ್ದೇ ಹಾಡೋಕೆ, ಅಲ್ಲಿ ಮೈಕ್ ಇಲ್ದೆ ದನಿ ಹಿಂದಿನ ಸಾಲಿಗೆ ಹೋಗುತ್ತೆ. ಸುತ್ತ ಕಟ್ಟಡ ನಡುವೆ ಅಂಗಳ ಇರೋದ್ರಿಂದ ಬಯಲಿನ ಕಾರ್ಯಕ್ರಮಕ್ಕೆ ಗೋಡೆನೇ ರಂಗಸಜ್ಜಿಕೆ. ನೂರು ವರ್ಷ ಹಿಂದೆ ರೊಟ್ಟಿ ಸುಡ್ತಿದ್ದ ಬೇಕರಿಯ ಇಟ್ಟಿಗೆ ಓವನ್‌ಗಳು ಕೂಡ ಫೌಂಡೇಶನ್ ಬಂದ ಮೇಲೆ ಮತ್ತೆ ಕಟ್ಟಿಗೆ ಹಾಕಿಸ್ಕೊಂಡು ಬ್ರೆಡ್ ಸುಟ್ಟವು.

ಇಂಥ ಜಾಗದಲ್ಲಿ ರಿಪೇರಿ ಮಾಡೋಕೆ ಆಸ್ಟ್ರೇಲಿಯಾದಲ್ಲಿ ಒಂದು ಮಾರ್ಗಸೂಚಿ ಇದೆ, ಬರ್ರಾ ಚಾರ್ಟರ್ ಅಂತ, 1979ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಬರ್ರಾ ಅನ್ನೋ ಗಣಿ ಊರಲ್ಲಿ ಒಪ್ಪಿಕೊಂಡಿದ್ದು. ಅದರ ತಿರುಳು, ಎಷ್ಟು ಬೇಕೋ ಅಷ್ಟು ಮಾಡಿ, ಆದ್ರೆ ಸಾಧ್ಯ ಆದಷ್ಟು ಕಡಿಮೆ ಬದಲಾಯಿಸಿ. ಹೇಳೋಕೆ ಸುಲಭ. ಆದ್ರೆ ಜನ ಸೇರೋ ಜಾಗ ಅಂದ ಮೇಲೆ ಬೆಂಕಿ ಬಿದ್ರೆ ಓಡೋಕೆ ಎರಡನೇ ದಾರಿ ಬೇಕು, ವೀಲ್‌ಚೇರ್ ಹತ್ತೋಕೆ ರ‍್ಯಾಂಪ್ ಬೇಕು, ಲಿಫ್ಟ್ ಬೇಕು, ಹೊಸ ವೈರಿಂಗ್ ಬೇಕು, ಟಾಯ್ಲೆಟ್ ಬೇಕು. ಒಂದೊಂದಕ್ಕೂ ಎಲ್ಲೋ ಒಂದು ಹಳೇ ಗೋಡೆ ಕೊರೀಬೇಕು. ಅದಕ್ಕೇ ಅನುಭವ ಇರೋರು ವೈರನ್ನ ಗೋಡೆ ಒಳಗೆ ಹೂಳದೆ ಹೊರಗೇ ಪೈಪಲ್ಲಿ ಎಳೀತಾರೆ, ಹೊಸ ಪಾರ್ಟಿಷನ್ ಹಾಕಿದ್ರೂ ಮುಂದೆ ಯಾವತ್ತೋ ಬಿಚ್ಚಿದ್ರೆ ಹಳೇ ಗೋಡೆಗೆ ಗಾಯ ಕಾಣದ ಹಾಗೆ ಹಾಕ್ತಾರೆ. ಜೊತೆಗೆ ಆ ಕಾಲದ ಕಟ್ಟಡಗಳಲ್ಲಿ ಸೀಸದ ಬಣ್ಣ, ಆಸ್ಬೆಸ್ಟಾಸ್ ಎರಡೂ ಸಿಗುತ್ತೆ, ಅದನ್ನ ತೆಗೆಯೋಕೆ ಲೈಸೆನ್ಸ್ ಇರೋರೇ ಬರಬೇಕು, ದುಬಾರಿ.

ಹತ್ತಿರದಿಂದ ನೋಡಬೇಕಾದ ಒಂದು ಸಣ್ಣ ವಿಷಯ ಹೇಳ್ತೀನಿ, ಗಾರೆ. ಹಳೇ ಇಟ್ಟಿಗೆ ಗೋಡೆಗಳನ್ನ ಕಟ್ಟಿರೋದು ಸುಣ್ಣದ ಗಾರೆಯಲ್ಲಿ, ನಮ್ಮ ಹಳೇ ಮನೆಗಳ ಹಾಗೇನೇ. ಹೊಳೆ ಪಕ್ಕ ಅಂದ್ರೆ ನೆಲದಲ್ಲಿ ತೇವ ಇದ್ದೇ ಇರುತ್ತೆ, ಅದು ಗೋಡೆ ಬುಡದಿಂದ ಮೇಲೆ ಏರುತ್ತೆ. ಸುಣ್ಣದ ಗಾರೆ ಆಗಿದ್ರೆ ಆ ತೇವ ಇಟ್ಟಿಗೆ ನಡುವಿನ ಸಂದಿಯಿಂದಲೇ ನಿಧಾನ ಹೊರಗೆ ಆರಿಹೋಗುತ್ತೆ. ನಡುವೆ ಯಾರೋ ಬಂದು ಗಟ್ಟಿ ಇರಲಿ ಅಂತ ಸಂದಿಗೆ ಸಿಮೆಂಟ್ ತುಂಬಿದ್ರು ಅನ್ಕೊಳ್ಳಿ, ಹತ್ತಿ ಬಟ್ಟೆ ಬಿಚ್ಚಿ ಮೈಗೆ ಪ್ಲಾಸ್ಟಿಕ್ ಸುತ್ತಿದ ಹಾಗಾಯ್ತು, ತೇವಕ್ಕೆ ಹೋಗೋಕೆ ದಾರಿ ಇಲ್ಲ, ಅದು ಇಟ್ಟಿಗೆ ಒಳಗೇ ನಿಲ್ಲುತ್ತೆ, ನೀರಿನ ಜೊತೆ ಬಂದ ಉಪ್ಪು ಅಲ್ಲೇ ಹರಳುಗಟ್ಟುತ್ತೆ, ಸ್ವಲ್ಪ ವರ್ಷಕ್ಕೆ ಇಟ್ಟಿಗೆ ಮುಖ ಪದರ ಪದರವಾಗಿ ಉದುರೋಕೆ ಶುರು ಆಗುತ್ತೆ, ಸಿಮೆಂಟ್ ಮಾತ್ರ ಗಟ್ಟಿಯಾಗಿ ನಿಂತಿರುತ್ತೆ. ಹಾಗಾಗಿ ಸರಿಯಾದ ರಿಪೇರಿ ಅಂದ್ರೆ ಸಿಮೆಂಟನ್ನ ಒಂದೊಂದೇ ಸಂದಿಯಿಂದ ಕೈಯಲ್ಲಿ ಕೆತ್ತಿ ತೆಗೆದು ಮತ್ತೆ ಸುಣ್ಣದ ಗಾರೆ ತುಂಬೋದು. ಇದಕ್ಕೆ ಕೆಲಸ ಗೊತ್ತಿರೋ ಮೇಸ್ತ್ರಿ ಬೇಕು, ಟೈಮ್ ಬೇಕು, ಒಂದು ಗೋಡೆಗೇ ವಾರಗಟ್ಟಲೆ ಹಿಡಿಯುತ್ತೆ. ಹಳೇ ಕಟ್ಟಡದ ರಿಪೇರಿ ಬಿಲ್ ಯಾಕೆ ಅಷ್ಟು ದೊಡ್ಡದು ಅಂತ ಕೇಳೋರಿಗೆ ನಾನು ಇದನ್ನೇ ಹೇಳೋದು.

ಇಷ್ಟು ಖರ್ಚು ಇರೋದ್ರಿಂದ 11 ಕಟ್ಟಡವನ್ನೂ ಒಟ್ಟಿಗೆ ಸರಿ ಮಾಡೋದು ಆಗದ ಮಾತು. ಒಂದು ಕಟ್ಟಡ ಸರಿ ಮಾಡ್ತಾರೆ, ಬಾಡಿಗೆಗೆ ಕೊಡ್ತಾರೆ, ಆ ಬಾಡಿಗೆ ಬರ್ತಾ ಬರ್ತಾ ಇನ್ನೊಂದಕ್ಕೆ ದುಡ್ಡು ಹೊಂದಿಸ್ತಾರೆ. ಲಾಂಡ್ರಿ ಹೆಂಗಸರು ಮಲಗ್ತಿದ್ದ ಸೇಕ್ರೆಡ್ ಹಾರ್ಟ್ ಅನ್ನೋ ಕಟ್ಟಡ ಹೀಗೆ ವರ್ಷಗಟ್ಟಲೆ ಕಾದು ಆಮೇಲೆ ಸ್ಟುಡಿಯೋಗಳಾಯ್ತು. ಆ ಕಾಯುವಿಕೆಯಿಂದ ಒಂದು ಒಳ್ಳೇದೂ ಆಯ್ತು ಅಂತ ನನಗನ್ಸುತ್ತೆ, ಅವಸರದಲ್ಲಿ ಎಲ್ಲ ಪಾಲಿಶ್ ಮಾಡಿ ಹೊಳೆಯೋ ಹಾಗೆ ಮಾಡಿದ್ರೆ ಹಿಂದಿನವರ ಗುರುತೆಲ್ಲ ಅಳಿಸಿಹೋಗ್ತಿತ್ತು.

ಇನ್ನು ನದಿ. ಹೊಳೆ ಪಕ್ಕದ ಜಾಗ ಅಂದ್ರೆ ಹೊಳೆಯ ಮಾತು ಕೇಳಲೇಬೇಕು. 1934ರಲ್ಲಿ ಯಾರಾಗೆ ಬಂದ ಪ್ರವಾಹ ಮೆಲ್ಬರ್ನ್ ಇತಿಹಾಸದ ದೊಡ್ಡ ಪ್ರವಾಹಗಳಲ್ಲಿ ಒಂದು. ಕಾನ್ವೆಂಟಿನ ಮುಖ್ಯ ಕಟ್ಟಡಗಳು ದಿಬ್ಬದ ಮೇಲಿವೆ, ತಗ್ಗಿನ ನದಿ ಬಯಲಿನಲ್ಲಿರೋದು ಹೊಲ, ಹುಲ್ಲುಗಾವಲು. ನೀರು ಬಂದ್ರೆ ಮೊದಲು ಹೊಲ ಮುಳುಗುತ್ತೆ. ಎಲ್ಲ ಕಡೆ ಹೀಗಿಲ್ಲ. ಬ್ರಿಸ್ಬೇನ್‌ನಲ್ಲಿ ಪವರ್‌ಹೌಸ್ ಅಂತ ನದಿಗೆ ಒತ್ತಿಕೊಂಡೇ ಇರೋ ಕಲಾಕೇಂದ್ರ ಇದೆ, 1928ರಿಂದ 1940ರವರೆಗೆ ಹಂತ ಹಂತವಾಗಿ ಕಟ್ಟಿದ ವಿದ್ಯುತ್ ಸ್ಥಾವರ, ಊರಿನ ಟ್ರಾಮುಗಳಿಗೆ ಕರೆಂಟ್ ಕೊಡ್ತಿತ್ತು, 1971ರಲ್ಲಿ ನಿಂತುಹೋಯ್ತು, 2000ದಲ್ಲಿ ಥಿಯೇಟರ್ ಆಗಿ ತೆರೀತು. ಖಾಲಿ ಬಿದ್ದಿದ್ದಾಗ ಹುಡುಗರು ಗೋಡೆ ತುಂಬ ಬರೆದಿದ್ದ ಗ್ರಾಫಿಟಿನ ಅಳಿಸದೆ ಹಾಗೇ ಉಳಿಸ್ಕೊಂಡಿದಾರೆ, ನನಗೆ ಅದು ತುಂಬಾ ಒಳ್ಳೆ ತೀರ್ಮಾನ ಅನ್ಸುತ್ತೆ, ಖಾಲಿ ಬಿದ್ದಿದ್ದ ವರ್ಷಗಳೂ ಆ ಕಟ್ಟಡದ ವರ್ಷಗಳೇ ತಾನೆ. ಆದ್ರೆ 2022ರ ಪ್ರವಾಹದಲ್ಲಿ ಅಲ್ಲಿ ನೀರು ನುಗ್ಗಿ ಬಾಗಿಲು ಹಾಕ್ಬೇಕಾಯ್ತು. ಕರೆಂಟ್ ಪ್ಯಾನೆಲ್ಲು, ಲಿಫ್ಟಿನ ಮೋಟರು ಇಂಥವನ್ನ ಎಷ್ಟು ಎತ್ತರದಲ್ಲಿ ಇಡ್ತೀವಿ ಅನ್ನೋ ಬೇಸರದ ಪ್ರಶ್ನೆ ಹೊಳೆ ಪಕ್ಕದ ಕಟ್ಟಡದಲ್ಲಿ ಪ್ರಾಣದ ಪ್ರಶ್ನೆ ಆಗೋದು ಹೀಗೆ. ಇಂಗ್ಲೆಂಡಿನ ಸಫಕ್‌ನಲ್ಲಿ ಆಲ್ಡ್ ನದಿ ದಂಡೆಯ ಸ್ನೇಪ್ ಮಾಲ್ಟಿಂಗ್ಸ್‌ಗಂತೂ ಆಪತ್ತು ಬೇರೆ ಕಡೆಯಿಂದ ಬಂತು, ಬಾರ್ಲಿ ಮೊಳಕೆ ಕಟ್ಟಿಸ್ತಿದ್ದ ಹಳೇ ಕಾರ್ಖಾನೆಯನ್ನ 1967ರಲ್ಲಿ ಸಂಗೀತದ ಹಾಲ್ ಮಾಡಿದ್ರು, ಎರಡೇ ವರ್ಷಕ್ಕೆ, 1969ರ ಉತ್ಸವದ ಮೊದಲ ರಾತ್ರಿನೇ ಬೆಂಕಿಗೆ ಆಹುತಿ ಆಯ್ತು. ಒಂದೇ ವರ್ಷದಲ್ಲಿ ಮತ್ತೆ ಕಟ್ಟಿ 1970ರಲ್ಲಿ ತೆರೆದ್ರು. ಹಳೇ ಮರದ ಮಾಡಿರೋ ಕಡೆ ಬೆಂಕಿ ನಿಯಮಗಳ ಬಗ್ಗೆ ಅಧಿಕಾರಿಗಳು ಅಷ್ಟು ಹಟ ಮಾಡೋದು ಸುಮ್ನೆ ಅಲ್ಲ.

ಲಾಂಡ್ರಿ ವಿಷಯಕ್ಕೆ ಆಮೇಲೆ ಬರ್ತೀನಿ ಅಂದಿದ್ದೆ. ಕಾನ್ವೆಂಟ್ 2017ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಪರಂಪರೆ ಪಟ್ಟಿಗೆ ಸೇರಿತು. ಆ ಪಟ್ಟಿಗೆ ಸೇರೋದಕ್ಕೆ ಕಟ್ಟಡ ಚಂದ ಇದ್ರೆ ಸಾಲಲ್ಲ, ದೇಶದ ಕಥೆಯಲ್ಲಿ ಅದಕ್ಕೊಂದು ಜಾಗ ಇರಬೇಕು. ಇಲ್ಲಿಯ ಕಥೆಯಲ್ಲಿ ಹೆಂಗಸರನ್ನ ಮಕ್ಕಳನ್ನ ಸಮಾಜ ಎಲ್ಲಿ ಬಚ್ಚಿಟ್ಟಿತ್ತು ಅನ್ನೋದೂ ಸೇರುತ್ತೆ. ಮ್ಯಾಗ್ಡಲೀನ್ ಲಾಂಡ್ರಿ ಅಂತ ಕರೆಯೋ ಆ ಲಾಂಡ್ರಿ ಕಟ್ಟಡ ತುಂಬಾ ವರ್ಷ ರಿಪೇರಿ ಇಲ್ದೆ ಹಾಗೇ ನಿಂತಿತ್ತು, ಅದನ್ನ ಏನು ಮಾಡಬೇಕು ಅನ್ನೋದು ನನ್ನ ದೃಷ್ಟಿಯಲ್ಲಿ ಇಡೀ ಜಾಗದ ಅತ್ಯಂತ ಕಷ್ಟದ ಪ್ರಶ್ನೆ. ದೊಡ್ಡ, ಬೆಳಕಿರೋ ಹಾಲು, ಪ್ರದರ್ಶನಕ್ಕೆ ನಾಟಕಕ್ಕೆ ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ. ಆದ್ರೆ ಅಲ್ಲಿ ಹದಿನಾಲ್ಕನೇ ವಯಸ್ಸಿಗೆ ಇಸ್ತ್ರಿ ಹಿಡಿದೋಳು ಒಬ್ಬಳು ಅಜ್ಜಿ ಆಗಿ ವಾಪಸ್ ಬಂದಾಗ ಅಲ್ಲಿ ವೈನ್ ಗ್ಲಾಸ್ ಹಿಡಿದು ನಿಂತಿರೋ ಜನ ಕಂಡ್ರೆ ಅವಳಿಗೆ ಏನನ್ಸುತ್ತೆ? ಹಾಗಂತ ಬೀಗ ಹಾಕಿ ಸ್ಮಾರಕ ಮಾಡಿಬಿಟ್ರೆ ಮತ್ತೆ ಬಚ್ಚಿಟ್ಟ ಹಾಗೇ ಆಗುತ್ತೆ. ಅಲ್ಲಿ ಏನು ನಡೆದ್ರೂ ಅಲ್ಲಿದ್ದೋರ ಮಾತು ಮೊದಲು ಕೇಳಬೇಕು, ಕಟ್ಟಡಕ್ಕೆ ಬಣ್ಣ ಬಳಿಯೋಕೆ ಮುಂಚೆ ಅವರ ನೆನಪನ್ನ ರೆಕಾರ್ಡ್ ಮಾಡಬೇಕು, ಅವರಿಗೆಲ್ಲ ವಯಸ್ಸಾಗಿದೆ, ಗೋಡೆ ಕಾಯುತ್ತೆ, ಅವರು ಕಾಯೋಕಾಗಲ್ಲ. ಮಠ ಬರೋ ಮುಂಚಿನ ವುರುಂಡ್ಜೆರಿ ಜನರ ವಿಷಯಕ್ಕೂ ಇದೇ ಮಾತು, ಕಾರ್ಯಕ್ರಮದ ಶುರುನಲ್ಲಿ ಅವರ ಹೆಸರು ಹೇಳೋದು ಸರಿ, ಆ ನೆಲದಲ್ಲಿ ಅವರ ಕೆಲಸಕ್ಕೂ ಜಾಗ ಇರಬೇಕು.

ಕಾನ್ವೆಂಟ್ ನೋಡಬೇಕು ಅನ್ನೋರಿಗೆ: ಮರ್ಂಡಾ ಅಥವಾ ಹರ್ಸ್ಟ್‌ಬ್ರಿಡ್ಜ್ ಲೈನ್ ಟ್ರೈನ್ ಹಿಡಿದು ವಿಕ್ಟೋರಿಯಾ ಪಾರ್ಕ್ ಸ್ಟೇಷನ್‌ನಲ್ಲಿ ಇಳಿದ್ರೆ ನಡ್ಕೊಂಡು ಹೋಗಬಹುದು, ಸೇಂಟ್ ಹೀಲಿಯರ್ಸ್ ಸ್ಟ್ರೀಟ್ ಕೊನೆಯಲ್ಲಿದೆ. ಸೈಕಲ್ ಇದ್ರೆ ಯಾರಾ ಪಕ್ಕದ ಮೇನ್ ಯಾರಾ ಟ್ರೇಲ್‌ನಲ್ಲೇ ಬರಬಹುದು. ತೋಟ ಅಂಗಳ ಎಲ್ಲ ಫ್ರೀ. ಕಾರಿನಲ್ಲಿ ಹೋದ್ರೆ ಪಾರ್ಕಿಂಗ್ ದುಡ್ಡು ಕೊಡ್ಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ, ಅದು ಹೋಗೋದು ಮಾಡಿನ ಹಂಚಿಗೆ, ಸುಣ್ಣದ ಗಾರೆಗೆ. ಸ್ಟುಡಿಯೋ ಬಾಗಿಲು ತೆರೆದಿಡೋ ದಿನ ಆದ್ರೆ ಒಳಗೆ ಹೋಗಿ ಮಾತಾಡ್ಸಿ, ಬಾಡಿಗೆ ಎಷ್ಟು, ಚಳಿಗಾಲದಲ್ಲಿ ಹೀಟರ್ ಇದೆಯಾ, ಎಷ್ಟು ವರ್ಷದಿಂದ ಇದೀರ ಅಂತ ಕೇಳಿ, ನಮ್ಮೂರಲ್ಲೂ ಇಂಥದ್ದೊಂದು ಮಾಡಬೇಕು ಅಂತ ಯಾರಾದ್ರೂ ಯೋಚನೆ ಮಾಡ್ತಿದ್ರೆ ಆ ಉತ್ತರಗಳು ಬೇಕಾಗ್ತವೆ.